‘ಮುಗಿಯಿತು’ ಎಂದವರು ಯಾರು?

ನಮ್ಮ ಶಾಲೆಯ ಗಂಟೆ ಒಂದು ತುಂಡು ರೈಲು ಹಳಿ. ಬೇವಿನ ಗಿಡದ ಟೊಂಗೆಗೆ ತಂತಿಯಿಂದ ಕಟ್ಟಿದ್ದಾರೆ. ನಾನು ನಾಗನೂರಿಗೆ ವರ್ಗವಾಗಿ ಬಂದ ದಿನವೂ ಅದು ಅಲ್ಲೇ ಇತ್ತು, ಇಂದೂ ಅಲ್ಲೇ ಇದೆ. ಸಿಪಾಯಿ ಕಬ್ಬಿಣದ ಸರಳಿನಿಂದ ಒಂದು ಪೆಟ್ಟು ಹೊಡೆದರೆ ತಾಸು ಬದಲಾಯಿತು; ಎರಡು ಹೊಡೆದರೆ ಸಣ್ಣ ಬಿಡುವು; ಬಿಡದೆ ಬಾರಿಸಿದರೆ ಮನೆಗೆ ಓಟ. ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಮಗುವೂ ಎರಡೇ ದಿನದಲ್ಲಿ ಇದನ್ನು ಕಲಿತುಬಿಡುತ್ತದೆ. ಯಾವ ಮಾಸ್ತರರೂ ತಮ್ಮ ತಾಸಿಗೆಂದು ಬೇರೆ ಗಂಟೆ ಕಟ್ಟಿಕೊಳ್ಳುವುದಿಲ್ಲ. ಅರ್ಥ ಒಮ್ಮೆ ಗೊತ್ತಾಗಿದೆ, ಎಲ್ಲರೂ ಅದನ್ನೇ ಬಳಸುತ್ತಾರೆ.

ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಗಂಟೆಯ ಕಥೆ. ಅದು ಕಂಪ್ಯೂಟರಿನ ಒಳಗಿನದು. ‘ಅಯ್ಯ, ಇದು ನಮಗಲ್ಲ’ ಎಂದು ಅಕ್ಕ-ತಂಗಿಯರು ಪುಟ ತಿರುವಬಾರದು. ನಾನೂ ಬಿ.ಎ., ಬಿ.ಎಡ್. ಓದಿದವಳು. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವಳು. ಗಣಿತವೆಂದರೆ ಇಂದಿಗೂ ಅಂಗೈ ಬೆವರುತ್ತದೆ. ಅಂಥವಳು ಕಂಪ್ಯೂಟರಿಗಾಗಿ ಒಂದು ಸಣ್ಣ ಕಡತ ಬರೆಯುವ ಪ್ರಸಂಗ ಬಂತು. ಅದರ ಹಿಂದೆ ಒಬ್ಬ ಮುದುಕಿಯ ಮಾತು ಕಳೆದುಹೋದ ಸಂಕಟವಿದೆ.

2011ರ ನಂತರದ ವರ್ಷಗಳಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ಡಿ.ಎಸ್.ಇ.ಆರ್.ಟಿ. ಮತ್ತು ಐ.ಟಿ. ಫಾರ್ ಚೇಂಜ್ ಎಂಬ ಸಂಸ್ಥೆ ಕೂಡಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿ ನಡೆಸಿದವು. ಗಣಿತ, ವಿಜ್ಞಾನದವರ ಜೊತೆಗೆ ಸಮಾಜ ವಿಜ್ಞಾನದ ನಮ್ಮನ್ನೂ ಕರೆದರು. ಅಲ್ಲಿಯ ಕಂಪ್ಯೂಟರುಗಳಲ್ಲಿ ಇದ್ದದ್ದು ಉಬುಂಟು, ಹಣ ಕೊಡದೆ ಯಾರಾದರೂ ಬಳಸಬಹುದಾದ ತಂತ್ರಾಂಶ. ಚಿತ್ರ ಒತ್ತಿ ಕೆಲಸ ಮಾಡುವುದನ್ನೇ ಹೇಳಿಕೊಟ್ಟರು. ಆದರೆ ಮೂಲೆಯಲ್ಲೊಂದು ಕಪ್ಪು ಕಿಟಕಿಯೂ ಇತ್ತು. ಅದರ ಹೆಸರು ಟರ್ಮಿನಲ್. ಅಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ನಾವು ಒಂದು ಸಾಲು ಬರೆದು ಒತ್ತಿದರೆ ‘ಶೆಲ್’ ಎಂಬುದು ಅದನ್ನು ಓದಿ ಕೆಲಸ ಮಾಡುತ್ತದೆ. ಹತ್ತು ಸಾಲುಗಳನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಒಂದರ ಹಿಂದೊಂದು ಮಾಡಿ ಮುಗಿಸುತ್ತದೆ. ಹೋಳಿಗೆ ಮಾಡುವ ಕ್ರಮವನ್ನು ಸೊಸೆಗೆ ಚೀಟಿಯಲ್ಲಿ ಬರೆದುಕೊಟ್ಟ ಹಾಗೆ. ಆ ಚೀಟಿಗೆ ಶೆಲ್ ಸ್ಕ್ರಿಪ್ಟ್ ಎನ್ನುತ್ತಾರೆ.

ಅದೇ ಉತ್ಸಾಹದಲ್ಲಿ ಶಾಲೆಯಲ್ಲಿ ‘ನಮ್ಮೂರ ಅಜ್ಜಿಯರ ಇತಿಹಾಸ’ ಎಂಬ ಕೆಲಸ ಹಚ್ಚಿಕೊಂಡೆ. ಪಠ್ಯಪುಸ್ತಕದ ಇತಿಹಾಸದಲ್ಲಿ ರಾಜರಿದ್ದಾರೆ, ದಂಡಯಾತ್ರೆಗಳಿವೆ. ನಮ್ಮ ಘಟಪ್ರಭೆಯ ದಂಡೆಯ ಕಬ್ಬಿನ ಹೊಲದಲ್ಲಿ ಕಳೆ ತೆಗೆದವರಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯರು ಮನೆಯ ಅಜ್ಜಿಯನ್ನು ಕೇಳುವುದು, ಮರುದಿನ ಬಂದು ಕನ್ನಡದಲ್ಲಿ ಟೈಪು ಮಾಡುವುದು, ಅಜ್ಜಿಯ ಫೋಟೋ, ಬೀಸುವ ಕಲ್ಲಿನ ಫೋಟೋ ಸೇರಿಸುವುದು. ಎಷ್ಟು ಚಂದ ಬರೆದರು! ಒಬ್ಬಳ ಅಜ್ಜಿ ಬರಗಾಲದಲ್ಲಿ ತಿಂದ ಸೊಪ್ಪುಗಳ ಹೆಸರು ಹೇಳಿದ್ದಳು. ಇನ್ನೊಬ್ಬಳ ಅಜ್ಜಿ ಹರೆಯದಲ್ಲಿ ಕಾಲುವೆ ಅಗೆಯುವ ಕೆಲಸಕ್ಕೆ ಹೋಗಿ ಮಣ್ಣು ಹೊತ್ತವಳು. ಆ ಹುಡುಗಿ ದಿನಕ್ಕೊಂದು ಪುಟದಂತೆ ಅಜ್ಜಿಯ ಮಾತನ್ನು ನೇರವಾಗಿ ಕಂಪ್ಯೂಟರಿಗೇ ಇಳಿಸುತ್ತಿದ್ದಳು.

ಇವೆಲ್ಲ ಕೆಟ್ಟುಹೋಗಬಾರದೆಂದು ನನ್ನ ಅಕ್ಕನ ಮಗನಿಗೆ ಹೇಳಿದೆ. ಅವನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಒಂದು ಸ್ಕ್ರಿಪ್ಟ್ ಬರೆದುಕೊಟ್ಟ. ಸಂಜೆ ಅದನ್ನು ಓಡಿಸಿದರೆ ಸಾಕು, ಆ ದಿನದ ತಾರೀಖಿನ ಹೆಸರಿನಲ್ಲಿ ಎಲ್ಲ ಕಡತಗಳೂ ಪೆನ್ ಡ್ರೈವಿಗೆ ಪ್ರತಿಯಾಗುತ್ತಿದ್ದವು. ಪರದೆಯ ಮೇಲೆ ಕಡತಗಳ ಹೆಸರು ಮಳೆಯಂತೆ ಸುರಿದು ಕೊನೆಗೆ ಒಂದು ಸಾಲು ಬರುತ್ತಿತ್ತು: ‘ಮುಗಿಯಿತು’. ನನಗಾಗಿ ಅದೊಂದನ್ನು ಕನ್ನಡದಲ್ಲಿ ಬರೆದಿದ್ದ. ನಾನು ಆ ಸಾಲು ನೋಡಿ, ಯಂತ್ರ ಆರಿಸಿ, ಪೆನ್ ಡ್ರೈವನ್ನು ಪರ್ಸಿಗೆ ಹಾಕಿಕೊಂಡು ಬಸ್ಸು ಹಿಡಿಯುತ್ತಿದ್ದೆ.

ಮಳೆಗಾಲದ ಒಂದು ರಾತ್ರಿ ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡಿತು. ಮರುದಿನ ಆ ಯಂತ್ರ ಏಳಲೇ ಇಲ್ಲ. ಹಾರ್ಡ್ ಡಿಸ್ಕ್ ಸುಟ್ಟಿತ್ತು. ನನಗೆ ಅಂಥ ಗಾಬರಿಯೇನೂ ಆಗಲಿಲ್ಲ, ಪರ್ಸಿನಲ್ಲಿ ಪ್ರತಿ ಇತ್ತಲ್ಲ! ಇನ್ನೊಂದು ಯಂತ್ರಕ್ಕೆ ಪೆನ್ ಡ್ರೈವ್ ಹಚ್ಚಿ ನೋಡಿದರೆ ಕೊನೆಯ ತಾರೀಖು ನಲವತ್ತೊಂದು ದಿನ ಹಿಂದಿನದು.

ಆ ನಲವತ್ತೊಂದು ದಿನಗಳ ನಡುವೆ ಕಾಲುವೆಯ ಅಜ್ಜಿ ತೀರಿಹೋಗಿದ್ದಳು.

ಹುಡುಗಿಗೆ ಹೇಳುವ ಧೈರ್ಯ ಬರಲು ಎರಡು ದಿನ ಹಿಡಿಯಿತು. ಹೇಳಿದೆ. ಅವಳು ಅಳಲಿಲ್ಲ. ‘ದಿನಾ ಸಂಜೀಕ ಮುಗಿಯಿತು ಅಂತ ಬರ್ತಿತ್ತಲ್ರೀ ಟೀಚರ್ರೀ? ನಾನೂ ನೋಡೇನಿ’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ದಸರೆಯ ರಜೆಗೆ ಅಕ್ಕನ ಮಗ ಬಂದಾಗ ಮೊದಲು ಅದನ್ನೇ ಕೇಳಿದೆ. ಅವನು ಸ್ಕ್ರಿಪ್ಟ್ ತೆರೆದು ನೋಡಿ ತಲೆ ತಗ್ಗಿಸಿದ. ‘ಚಿಗವ್ವಾ, ಪೆನ್ ಡ್ರೈವ್ ತುಂಬಿ ಹೋಗಿತ್ತು. ದಿನಾ ಫೋಟೋ ಎಲ್ಲಾ ಮತ್ತೊಮ್ಮೆ ಪ್ರತಿ ಆಗೂದಕ್ಕ ಜಾಗ ಸಾಲಲಿಲ್ಲ. ಅದು ಹೇಳಿತ್ತು, ಜಾಗ ಉಳಿದಿಲ್ಲ ಅಂತ ಇಂಗ್ಲಿಷಿನ್ಯಾಗ. ನೂರಾರು ಸಾಲಿನ ನಡುವ ಬಂದು ಮ್ಯಾಲ ಹೋಗಿಬಿಟ್ಟೈತಿ.’

‘ಮತ್ತ ಮುಗಿಯಿತು ಅಂತ ಹೆಂಗ ಅಂತು?’

‘ಅದು ಕಡೀ ಸಾಲು. ಮೊದಲಿನ ಕೆಲಸ ಆಗಲಿ ಬಿಡಲಿ, ಆ ಸಾಲು ಬಂದಾಗ ಅದನ್ನ ಬರೀತದ. ಆಗೇತೋ ಇಲ್ಲೋ ನೋಡಿ ಹೇಳು ಅಂತ ನಾ ಬರೆದೇ ಇರಲಿಲ್ಲ.’

ನೋಡದೆ ಬರೆದವನು ಅವನು, ಓದದೆ ನಂಬಿದವಳು ನಾನು. ತಪ್ಪು ಇಬ್ಬರದೂ ಸರಿಪಾಲು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಯಿತು. ಆದರೆ ಇತಿಹಾಸದ ಶಿಕ್ಷಕಿಗೆ ಒಂದು ಚಟವಿರುತ್ತದೆ. ಯಾವುದೇ ಬಾಗಿಲು ತಲೆಗೆ ಬಡಿದರೆ, ಇದನ್ನು ಇಷ್ಟು ಗಿಡ್ಡಗೆ ಕಟ್ಟಿದವರು ಯಾರು ಎಂದು ಕೇಳುವುದು. ಯಂತ್ರ ಹೀಗೇಕೆ ಮಾತಾಡುತ್ತದೆ? ಈ ರೂಢಿ ಹಾಕಿದವರು ಯಾರು? ಆ ರಜೆಯೆಲ್ಲ ಅದನ್ನೇ ಹುಡುಕಿ ಓದಿದೆ.

ಉಬುಂಟುವಿನ ಮೂಲಪುರುಷ ಯುನಿಕ್ಸ್. ಅದು 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಅದರ ಮುಖ್ಯ ಕರ್ತೃಗಳು. ಆಗ ಅವರ ಮುಂದೆ ಪರದೆ ಇರಲಿಲ್ಲ. ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರವಿತ್ತು. ಕಂಪ್ಯೂಟರಿನ ಉತ್ತರ ಕಾಗದದ ಸುರುಳಿಯ ಮೇಲೆ ಖಟಖಟ ಎಂದು ಅಚ್ಚಾಗುತ್ತಿತ್ತು. ವೇಗ ಸೆಕೆಂಡಿಗೆ ಹತ್ತೇ ಅಕ್ಷರ. ಅಂಥಲ್ಲಿ ಯಾರು ಉದ್ದುದ್ದ ಮಾತಾಡಿಸುತ್ತಾರೆ? ಅದಕ್ಕೇ ಅಲ್ಲಿಯ ಆಜ್ಞೆಗಳು ಎರಡೆರಡು ಅಕ್ಷರದವು. ಕೆಲಸ ಸರಿಯಾಗಿ ಆದರೆ ಸುಮ್ಮನಿರುವುದು, ಕೆಟ್ಟರೆ ಮಾತ್ರ ಬಾಯಿ ಬಿಡುವುದು, ಇದು ರೂಢಿಯಾಯಿತು. ಆ ಟೆಲಿಟೈಪಿನ ಹೊಟ್ಟೆಯಲ್ಲಿ ನಿಜವಾದ ಒಂದು ಗಂಟೆ ಇತ್ತು! ಅಕ್ಷರಗಳಿಗೆ ಅಂಕೆ ಕೊಡುವ ಆಸ್ಕಿ ಎಂಬ ಪಟ್ಟಿಯಲ್ಲಿ ಏಳನೆಯ ಅಂಕೆ ಕಳಿಸಿದರೆ ಅದು ಟಣ್ ಎನ್ನುತ್ತಿತ್ತು. ಆ ಏಳನೆಯ ಅಂಕೆ ಇಂದಿಗೂ ಪಟ್ಟಿಯಲ್ಲಿದೆ. ಇದನ್ನು ಓದಿದ ದಿನ ನನಗೆ ನಮ್ಮ ಬೇವಿನ ಗಿಡ ನೆನಪಾಗಿ ನಗು ಬಂತು.

ಇನ್ನೊಂದು ಪ್ರಸಂಗ ಓದಿ ಮನಸ್ಸು ಹಗುರಾಯಿತು. 1970ರ ದಶಕದ ಮೊದಲ ಭಾಗದಲ್ಲಿ ಅದೇ ಪ್ರಯೋಗಾಲಯದಲ್ಲಿ ಫೋಟೋ ಹಿಡಿದು ಅಕ್ಷರ ಜೋಡಿಸುವ ಒಂದು ಯಂತ್ರವಿತ್ತು. ಬರಹ ಕಳಿಸಿ, ಕಾಯ್ದು, ಕಾಗದವನ್ನು ಫೋಟೋದಂತೆ ರಾಸಾಯನಿಕದಲ್ಲಿ ತೊಳೆದು ತೆಗೆಯಬೇಕು. ಒಂದು ದಿನ ಹಲವರು ಹೀಗೆ ತೊಳೆದು ನೋಡಿದರೆ ಪುಟದ ತುಂಬ ಬರಹವಿಲ್ಲ; ಅಂದವಾದ ಅಕ್ಷರದಲ್ಲಿ ಒಂದೇ ಸಾಲು, ಇಂಥ ಕಡತ ತೆರೆಯಲಾಗಲಿಲ್ಲ ಎಂದು! ಅಲ್ಲಿದ್ದ ಸ್ಟೀವ್ ಜಾನ್ಸನ್ ಇದನ್ನು ಮುಂದೆ ನೆನೆದಿದ್ದಾರೆ. ದೂರುಗಳು ಹೆಚ್ಚಿದ ಮೇಲೆ ದೋಷದ ಮಾತು ಹೊರಡಲು ಬೇರೆ ದಾರಿ ಮಾಡಿದರು. ಅಂದಿನಿಂದ ಕೆಲಸದ ಫಲ ಒಂದನೆಯ ಬಾಗಿಲಿನಿಂದ, ತಪ್ಪಿನ ಸುದ್ದಿ ಎರಡನೆಯ ಬಾಗಿಲಿನಿಂದ. ಅಷ್ಟು ದೊಡ್ಡ ಪಂಡಿತರಿಗೂ ಸಂದೇಶ ತಪ್ಪಾದ ಜಾಗಕ್ಕೆ ಹೋಗಿ ಒಂದು ಮಧ್ಯಾಹ್ನ ಹಾಳಾಗಿತ್ತು. ನಾಗನೂರಿನ ನಾನು ಯಾವ ಲೆಕ್ಕ!

ಆಮೇಲೆ ಪರದೆ ಬಂತು. 1978ರಲ್ಲಿ ಡಿಜಿಟಲ್ ಎಂಬ ಕಂಪನಿ ವಿಟಿ 100 ಎಂಬ ಟರ್ಮಿನಲ್ ತಂದಿತು. 27ನೆಯ ಅಂಕೆಯ, ಕಣ್ಣಿಗೆ ಕಾಣದ ಒಂದು ಗುರುತು ಕಳಿಸಿ, ಅದರ ಹಿಂದೆ ಸಣ್ಣ ಸಂಕೇತ ಬರೆದರೆ ಅಕ್ಷರ ದಪ್ಪವಾಗುತ್ತದೆ, ಅಡಿಗೆರೆ ಬರುತ್ತದೆ. ಬೇರೆ ಬೇರೆ ಕಂಪನಿಗಳ ಸಂಕೇತಗಳು ಬೇರೆಯಾಗಿದ್ದರೆ ಗೊಂದಲವೆಂದು 1979ರಲ್ಲಿ ಅಮೆರಿಕದಲ್ಲಿ ಒಂದು ಗೊತ್ತಾದ ಮಾನಕವೂ ಬಂತು. ಬಣ್ಣದ ಪರದೆಗಳಲ್ಲಿ 31 ಎಂದರೆ ಕೆಂಪು, 32 ಹಸಿರು, 33 ಹಳದಿ, 0 ಎಂದರೆ ಮೊದಲಿನಂತಾಗು. ಇಂದಿಗೂ ಅದೇ ಅಂಕೆ.

ಇನ್ನು ಒಮ್ಮೆ ಬರೆದು ಹಲವು ಸಲ ಬಳಸುವ ವಿಚಾರ. ನಾವು ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲೆ ಖಾರ ಕುಟ್ಟಿಸಿ ಡಬ್ಬಿ ತುಂಬುತ್ತೇವೆ. ಪಲ್ಯಕ್ಕೂ ಅದೇ, ಸಾರಿಗೂ ಅದೇ. ದಿನಾ ಕುಟ್ಟುತ್ತ ಕೂತರೆ ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಲವಂಗ ಕಡಿಮೆ. ಕಂಪ್ಯೂಟರಿನವರು ಈ ಡಬ್ಬಿಗೆ ‘ಫಂಕ್ಷನ್’ ಎನ್ನುತ್ತಾರೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1949ರ ಮೇ ತಿಂಗಳಲ್ಲಿ ಕೆಲಸ ಆರಂಭಿಸಿದ ಎಡ್‌ಸ್ಯಾಕ್ ಯಂತ್ರದವರು ಇಂಥ ತುಣುಕುಗಳನ್ನು ರಂಧ್ರ ಹಾಕಿದ ಕಾಗದದ ಪಟ್ಟಿಗಳಲ್ಲಿ ಮಾಡಿ ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. ಗ್ರಂಥಾಲಯದ ಪುಸ್ತಕದಂತೆ ಬೇಕಾದವರು ತೆಗೆದು ಬಳಸುವುದು. ವಿಲ್ಕ್ಸ್, ವ್ಹೀಲರ್, ಗಿಲ್ ಎಂಬ ಮೂವರು 1951ರಲ್ಲಿ ಇದರ ಬಗೆಗೆ ಪುಸ್ತಕವನ್ನೇ ಬರೆದರು.

ಅದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದವಳು ಗ್ರೇಸ್ ಹಾಪರ್. ಅವಳು ಟೀಚರು! ಅಮೆರಿಕದ ವ್ಯಾಸಾರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಯುದ್ಧಕಾಲದಲ್ಲಿ, 1943ರಲ್ಲಿ ನೌಕಾದಳಕ್ಕೆ ಸೇರಿ, ಮರುವರ್ಷ ಹಾರ್ವರ್ಡಿನ ಮಾರ್ಕ್-1 ಎಂಬ ದೈತ್ಯ ಗಣಕದ ಕೆಲಸಕ್ಕೆ ನಿಂತಳು. ಅವಳೂ ಸಂಗಡಿಗರೂ ಚೆನ್ನಾಗಿ ನಡೆದ ತುಣುಕುಗಳನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡು ಒಬ್ಬರದನ್ನೊಬ್ಬರು ನಕಲು ಮಾಡುತ್ತಿದ್ದರು. ನಕಲು ಮಾಡುವಾಗ ಮನುಷ್ಯರು ತಪ್ಪು ಮಾಡಿಯೇ ಮಾಡುತ್ತಾರೆ ಎಂಬುದನ್ನು ಅವಳು ಕಂಡಳು. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ನನಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಹಾಗಾದರೆ ನಕಲು ಮಾಡುವ ಕೆಲಸವನ್ನೂ ಯಂತ್ರಕ್ಕೇ ಬಿಡೋಣ ಎಂದು 1952ರ ಹೊತ್ತಿಗೆ ಎ-ಸೊನ್ನೆ ಎಂಬುದನ್ನು ಮಾಡಿದಳು. ತುಣುಕಿನ ಹೆಸರು ಹೇಳಿದರೆ ಸಾಕು, ಯಂತ್ರವೇ ತಂದು ಜೋಡಿಸುತ್ತಿತ್ತು.

ಯುನಿಕ್ಸಿನ ಶೆಲ್ಲಿಗೆ ಈ ಸೌಕರ್ಯ ಬರಲು ತಡವಾಯಿತು. ಸ್ಟೀಫನ್ ಬೋರ್ನ್ ಬರೆದ ಪ್ರಸಿದ್ಧ ಶೆಲ್ 1979ರಲ್ಲಿ ಹೊರಬಂದಾಗ ಅದರಲ್ಲಿ ಫಂಕ್ಷನ್ ಇರಲಿಲ್ಲ; 1984ರ ಸುಮಾರಿಗೆ ಸೇರಿತು. 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಷ್ ಎಂಬ ಶೆಲ್ ಇಂದು ನಮ್ಮ ಶಾಲೆಯ ಯಂತ್ರದಲ್ಲೂ ಇದೆ.

ಇದೆಲ್ಲ ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಸನಗಳು. ಈ ಸೀಮೆಯನ್ನಾಳಿದ ಸವದತ್ತಿಯ ರಟ್ಟರ ಕಲ್ಲಿರಲಿ, ಕಲ್ಯಾಣದ ಚಾಲುಕ್ಯರ ಕಲ್ಲಿರಲಿ, ಆರಂಭಕ್ಕೆ ‘ಸ್ವಸ್ತಿ’, ಕೊನೆಗೆ ದತ್ತಿಯನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ಬರಲೆಂಬ ಶಾಪ, ಆಮೇಲೆ ‘ಮಂಗಳ ಮಹಾ ಶ್ರೀ’. ಬರೆಯುವವನು ಪ್ರತಿ ಕಲ್ಲಿಗೂ ಹೊಸ ಶಾಪ ಹುಟ್ಟಿಸುತ್ತಿರಲಿಲ್ಲ. ಗೊತ್ತಾದ ಮಾತುಗಳ ಡಬ್ಬಿ ಅವನಲ್ಲಿತ್ತು. ಓದು ಬಾರದವನೂ ಕಲ್ಲಿನ ಮೇಲೆ ಕೆತ್ತಿದ ಹಸು-ಕರು, ಸೂರ್ಯ-ಚಂದ್ರ ಕಂಡು ಇದು ದಾನದ ಕಲ್ಲು, ಮುಟ್ಟಬಾರದು ಎಂದು ತಿಳಿಯುತ್ತಿದ್ದ. ಎಚ್ಚರಿಕೆಯ ಮಾತು ಪ್ರತಿ ಸಲ ಒಂದೇ ರೂಪದಲ್ಲಿ ಬಂದರೆ ಮಾತ್ರ ಅದು ಎಚ್ಚರಿಕೆ. ದಿನಕ್ಕೊಂದು ಬಗೆಯಲ್ಲಿ ಬಂದರೆ ಗದ್ದಲ.

ದಸರೆ ಮುಗಿಯುವುದರೊಳಗೆ ನಾನೂ ಅಕ್ಕನ ಮಗನೂ ಕೂತು ನಮ್ಮದೇ ಒಂದು ಡಬ್ಬಿ ಮಾಡಿದೆವು. ಕಡತದ ಹೆಸರು ‘ಗಂಟೆ’. ಅದರಲ್ಲಿ ನಾಲ್ಕು ಫಂಕ್ಷನ್‌ಗಳು. ಹಸಿರಿನಲ್ಲಿ ‘ಸರಿ’. ಹಳದಿಯಲ್ಲಿ ‘ಗಮನಿಸಿ’. ಕೆಂಪಿನಲ್ಲಿ ‘ದೋಷ’, ಅದರ ಜೊತೆಗೆ ಏಳನೆಯ ಅಂಕೆಯ ಗಂಟೆ. ಮುಂದೆ ಹೋಗುವುದೇ ಅಪಾಯ ಎನ್ನುವಲ್ಲಿ ‘ಸಾಕು’. ಅದು ಕಾರಣ ಹೇಳಿ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಬೇರೆ ಯಾವ ಸ್ಕ್ರಿಪ್ಟ್ ಬರೆದರೂ ಮೊದಲ ಸಾಲುಗಳಲ್ಲಿ ಒಂದು ಚುಕ್ಕಿ ಇಟ್ಟು ಈ ಕಡತದ ಹೆಸರು ಬರೆದರಾಯಿತು, ನಾಲ್ಕೂ ಗಂಟೆಗಳು ಅಲ್ಲಿಗೆ ಬರುತ್ತವೆ. ಬಣ್ಣ ಬದಲಿಸಬೇಕೆಂದರೆ ಒಂದೇ ಕಡೆ ಬದಲಿಸಿದರೆ ಸಾಕು.

ಹೇಳುವಷ್ಟು ಸುಲಭವಾಗಿ ಆಗಲಿಲ್ಲ. ಮೊದಲ ದಿನ ಕೆಂಪು ಹಚ್ಚಿ ಕೊನೆಗೆ 0 ಬರೆಯುವುದನ್ನು ಮರೆತೆ. ಆಮೇಲೆ ಬಂದ ಸಾಲುಗಳೂ ಕೆಂಪು. ನಳ ತೆರೆದಿಟ್ಟು ಊರಿಗೆ ಹೋದ ಹಾಗೆ. ಅದೇ ಸಾಲು ಒಂದು ಶೆಲ್ಲಿನಲ್ಲಿ ಬಣ್ಣ ತಂದರೆ ಇನ್ನೊಂದರಲ್ಲಿ ಬರೀ ಕಸ ತೋರಿಸಿತು. ‘ಎಕೋ’ ಎಂಬ ಆಜ್ಞೆಯನ್ನು ಒಂದೊಂದು ಶೆಲ್ ಒಂದೊಂದು ರೀತಿ ಅರ್ಥ ಮಾಡಿಕೊಳ್ಳುತ್ತದೆಯಂತೆ. ಅದನ್ನು ಬಿಟ್ಟು ‘ಪ್ರಿಂಟ್‌ಎಫ್’ ಹಿಡಿದ ಮೇಲೆ ಎಲ್ಲ ಕಡೆ ಒಂದೇ ಆಯಿತು. ಪರದೆಯ ಮೇಲೆ ಬರುವುದನ್ನು ಕಡತದಲ್ಲಿ ಉಳಿಸಿ ನೋಡಿದರೆ ಬಣ್ಣದ ಸಂಕೇತಗಳು ಅಕ್ಷರಗಳ ನಡುವೆ ಕಲ್ಲಿನಂತೆ ಸಿಕ್ಕವು. ಅದಕ್ಕೆ ಎದುರಿಗಿರುವುದು ಪರದೆಯೋ ಕಡತವೋ ಎಂದು ಮೊದಲು ಕೇಳಿ, ಪರದೆಯಾದರೆ ಮಾತ್ರ ಬಣ್ಣ ಹಚ್ಚುವಂತೆ ಮಾಡಿದೆವು. ಬಣ್ಣವೊಂದನ್ನೇ ನಂಬಲೂ ಬಾರದು. ಕೆಂಪು-ಹಸಿರಿನ ಭೇದ ಕಾಣದ ಮಕ್ಕಳಿರುತ್ತಾರೆ, ಅದರಲ್ಲೂ ಗಂಡುಮಕ್ಕಳಲ್ಲಿ ಹೆಚ್ಚು. ಆದ್ದರಿಂದ ಬಣ್ಣದ ಜೊತೆಗೆ ಶಬ್ದವೂ ಇರಲೇಬೇಕೆಂದು ಹಟ ಹಿಡಿದೆ.

ಶಬ್ದ ಎಂದೊಡನೆ ಕನ್ನಡದ ತೊಡಕು ಬಂತು. ನಮ್ಮ ಹುಡುಗಿಯರು ಟೈಪು ಮಾಡುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನು ಅನುಸರಿಸಿದ ವಿನ್ಯಾಸದಲ್ಲಿ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಕೀಲಿ ಒತ್ತಬೇಕು. ಪುಸ್ತಕ ಬರೆಯುವ ತಂತ್ರಾಂಶದಲ್ಲಿ ‘ತಪ್ಪು’ ಎಂದು ಬರೆದರೆ ಚಂದವಾಗಿ ಮೂಡುತ್ತಿತ್ತು. ಕಪ್ಪು ಕಿಟಕಿಯಲ್ಲಿ ಮಾತ್ರ ಒತ್ತು ಕಳಚಿ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಟೆಲಿಟೈಪಿನ ಕಾಲದಿಂದಲೂ ಅಲ್ಲಿ ಒಂದು ಅಕ್ಷರಕ್ಕೆ ಒಂದು ಚೌಕ. ನಮ್ಮ ಒತ್ತಕ್ಷರ ಕೆಳಗೆ ಕೂಡ್ರುತ್ತದೆಂದು ಅದಕ್ಕೆ ಗೊತ್ತಿಲ್ಲ. ಹುಡುಗಿಯರೂ ನಾನೂ ಸೇರಿ ಒತ್ತಕ್ಷರವಿಲ್ಲದ ಶಬ್ದ ಹುಡುಕಿದೆವು. ‘ತಪ್ಪು’ ಬಿಟ್ಟು ‘ದೋಷ’, ‘ನಿಲ್ಲು’ ಬಿಟ್ಟು ‘ಸಾಕು’. ಎಚ್ಚರಿಕೆಗೆ ‘ಗಮನಿಸಿ’ ಬಂದದ್ದೂ ಹಾಗೆಯೇ. ಶಬ್ದಗಳು ಒಂದರ ಕೆಳಗೊಂದು ಸಾಲಾಗಿ ನಿಲ್ಲಲಿ ಎಂದರೆ ಅವೂ ಸೊಟ್ಟಗಾದವು. ‘ಸರಿ’ ನಮ್ಮ ಕಣ್ಣಿಗೆ ಎರಡು ಅಕ್ಷರ; ಪ್ರಿಂಟ್‌ಎಫ್ ಅದನ್ನು ಒಂಬತ್ತು ಎಂದು ಎಣಿಸುತ್ತದೆ. ಕನ್ನಡದ ಒಂದೊಂದು ವ್ಯಂಜನಕ್ಕೂ ಒಂದೊಂದು ಸ್ವರಚಿಹ್ನೆಗೂ ಒಳಗೆ ಮೂರು ಮೂರು ಬೈಟ್ ಬೇಕು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆ ಅಕ್ಷರಗಳನ್ನು ಹಳೆಯ ಯುನಿಕ್ಸಿನ ದಾರಿಯಲ್ಲೇ ಕಳಿಸುವ ಯುಟಿಎಫ್-8 ಎಂಬ ಉಪಾಯವನ್ನು 1992ರಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಬರೆದು ರೂಪಿಸಿದವರು ಯಾರು ಗೊತ್ತೇ? ರಾಬ್ ಪೈಕ್ ಜೊತೆಗೆ ಅದೇ ಕೆನ್ ಥಾಂಪ್ಸನ್. ಎರಡಕ್ಷರದ ಆಜ್ಞೆಗಳ ಕಾಲದ ಆ ಮನುಷ್ಯ ಮುಂದೆ ನಮ್ಮ ಅಕ್ಷರಕ್ಕೂ ದಾರಿ ಮಾಡಿದ. ಸಾಲು ಸೊಟ್ಟಗಿದ್ದರೆ ಇರಲಿ ಎಂದು ಬಿಟ್ಟೆ.

ಇಷ್ಟಾದರೂ ಮುಖ್ಯ ಮಾತು ಉಳಿದೇ ಇತ್ತು. ‘ಸರಿ’ ಎಂಬುದನ್ನು ಬಣ್ಣದಲ್ಲಿ ಬರೆದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಹಸಿರು ಸುಳ್ಳು ಬಿಳಿ ಸುಳ್ಳಿಗಿಂತ ಕೆಟ್ಟದ್ದು. ಶೆಲ್ಲಿನಲ್ಲಿ ಪ್ರತಿ ಆಜ್ಞೆಯೂ ಮುಗಿದಾಗ ಗುಟ್ಟಾಗಿ ಒಂದು ಅಂಕೆ ಬಿಟ್ಟು ಹೋಗುತ್ತದೆ. ಸೊನ್ನೆಯಾದರೆ ಕೆಲಸ ಆಗಿದೆ. ಬೇರೆ ಯಾವ ಅಂಕೆಯಾದರೂ ಏನೋ ಕೆಟ್ಟಿದೆ. ಆ ನಲವತ್ತೊಂದು ಸಂಜೆಗಳಲ್ಲೂ ಯಂತ್ರ ಆ ಅಂಕೆ ಬಿಟ್ಟಿತ್ತು. ಕೇಳುವವರು ಇರಲಿಲ್ಲ. ಅದಕ್ಕೆ ‘ಮಾಡಿನೋಡು’ ಎಂಬ ಐದನೆಯ ಫಂಕ್ಷನ್ ಬರೆದೆವು. ಅದರ ಕೈಗೆ ಕೆಲಸ ಕೊಟ್ಟರೆ ಮಾಡಿಸುತ್ತದೆ, ಅಂಕೆ ನೋಡುತ್ತದೆ, ಸೊನ್ನೆಯಾದರೆ ಮಾತ್ರ ‘ಸರಿ’, ಇಲ್ಲವಾದರೆ ‘ದೋಷ’, ಅದೂ ಎರಡನೆಯ ಬಾಗಿಲಿನಿಂದ. ಇನ್ನು ಮುಂದೆ ಯಾರೂ ‘ಸರಿ’ಯನ್ನು ಕೈಯಿಂದ ಬರೆಯಕೂಡದು ಎಂಬುದು ನಮ್ಮ ನಿಯಮ. ‘ಮುಗಿಯಿತು’ ಎಂಬ ಶಬ್ದವನ್ನಂತೂ ಆ ಕೋಣೆಯಿಂದಲೇ ಹೊರಗಟ್ಟಿದೆವು.

ರಜೆ ಮುಗಿದು ಶಾಲೆ ತೆರೆದಾಗ ಹುಡುಗಿಯರ ಮುಂದೆ ಪರೀಕ್ಷೆ ಮಾಡಿ ತೋರಿಸಿದೆ. ಪೆನ್ ಡ್ರೈವ್ ಕಿತ್ತು ಸ್ಕ್ರಿಪ್ಟ್ ಓಡಿಸಿದೆ. ಕೆಂಪು ‘ದೋಷ’ ಬಂತು, ಟಣ್ ಎಂದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಕಾಲುವೆ ಅಜ್ಜಿಯ ಮೊಮ್ಮಗಳು ಮಾತ್ರ ತಟ್ಟಲಿಲ್ಲ.

‘ಟೀಚರ್ರೀ, ಅದು ಸೊನ್ನೆ ಅಂತ ತಾನ ಹೇಳತೈತಿ. ನಾವು ಎಣಸಿ ನೋಡೂದು ಬ್ಯಾಡೇನ್ರಿ?’

‘ಏನು ಎಣಸೂದು?’

ಆಗ ಅವಳು ಅಜ್ಜಿ ಹೇಳಿದ್ದರಲ್ಲಿ ತನಗೆ ಮರೆಯದೆ ಉಳಿದ ಒಂದು ಸಂಗತಿ ಹೇಳಿದಳು. ಮಣ್ಣಿನ ಬುಟ್ಟಿಗಳಿಗೆ ಲೆಕ್ಕದ ಮೇಲೆ ಕೂಲಿ. ಸಂಜೆ ಕಾರಕೂನ ಬಂದು ಇಷ್ಟು ಬುಟ್ಟಿ, ಲೆಕ್ಕ ಮುಗೀತು ಎನ್ನುತ್ತಿದ್ದ. ಓದು ಬಾರದ ಅಜ್ಜಿ ಬುಟ್ಟಿಗೊಂದರಂತೆ ಹುಣಸೆ ಬೀಜ ಸೆರಗಿನಲ್ಲಿ ಗಂಟು ಕಟ್ಟಿಕೊಳ್ಳುತ್ತಿದ್ದಳು. ಅವನು ಮುಗೀತು ಎಂದೊಡನೆ ಗಂಟು ಬಿಚ್ಚಿ ಬೀಜ ಎಣಿಸುತ್ತಿದ್ದಳು. ಎರಡೂ ಕೂಡಿದರೆ ಮಾತ್ರ ಹೆಬ್ಬೆಟ್ಟು ಒತ್ತುವುದು.

ತರಗತಿ ಸುಮ್ಮನಾಯಿತು. ಅಂದು ಸಂಜೆ ಆರನೆಯ ಫಂಕ್ಷನ್ ಬರೆದೆವು. ಅದು ಈ ಕಡೆಯ ಕಡತ ಎಷ್ಟು, ಆ ಕಡೆಯ ಕಡತ ಎಷ್ಟು ಎಂದು ಎಣಿಸುತ್ತದೆ. ಎರಡೂ ಕೂಡಿದರೆ ಎರಡು ಅಂಕೆಗಳನ್ನೂ ತೋರಿಸಿ ‘ಸರಿ’ ಎನ್ನುತ್ತದೆ, ಕೂಡದಿದ್ದರೆ ‘ಸಾಕು’. ಅದರ ಹೆಸರು ‘ಬೀಜ’. ಹೆಸರು ಇಟ್ಟವಳು ಅವಳೇ.

2018ರಲ್ಲಿ ನಮ್ಮೂರು ಗೋಕಾಕ ತಾಲ್ಲೂಕಿನಿಂದ ಮೂಡಲಗಿ ತಾಲ್ಲೂಕಿಗೆ ಸೇರಿತು. ಯಂತ್ರಗಳು ಎರಡು ಸಲ ಬದಲಾದವು. ಅಕ್ಕನ ಮಗ ಈಗ ಸಂಸಾರಸ್ಥ, ಬೆಂಗಳೂರಿನಲ್ಲಿದ್ದಾನೆ. ನನ್ನ ನಿವೃತ್ತಿಗೆ ಇನ್ನು ಕೆಲವೇ ವರ್ಷ. ‘ಗಂಟೆ’ ಕಡತ ಮಾತ್ರ ಹಳೆಯ ಯಂತ್ರದಿಂದ ಹೊಸದಕ್ಕೆ, ನನ್ನಿಂದ ಕಿರಿಯ ಶಿಕ್ಷಕಿಯರಿಗೆ ದಾಟುತ್ತ ಬಂದಿದೆ. ಅದರಲ್ಲಿ ನಲವತ್ತು ಸಾಲೂ ಇಲ್ಲ. ಅಜ್ಜಿಯರ ಬರಹಗಳಲ್ಲಿ ಉಳಿದವನ್ನು ಅದೇ ಕಾಯುತ್ತಿದೆ. ಕಾಲುವೆ ಅಜ್ಜಿಯ ಪುಟಗಳು ಮರಳಿ ಬರಲಿಲ್ಲ. ಮೊಮ್ಮಗಳು ನೆನಪಿನಿಂದ ಬರೆದ ಒಂದೂವರೆ ಪುಟವಿದೆ, ಅಷ್ಟೇ.

ಮೊನ್ನೆ ಹೊಸ ಶಿಕ್ಷಕಿಯೊಬ್ಬರು ಕಡತ ನೋಡಿ, ‘ಮೇಡಂ, ಎಲ್ಲಾ ಹೆಸರೂ ತಿಳೀತು. ಇದ್ಯಾಕ ಬೀಜ?’ ಎಂದು ಕೇಳಿದರು. ಬೇವಿನ ಗಿಡದ ಕಡೆಯಿಂದ ಎರಡು ಪೆಟ್ಟು ಕೇಳಿಸಿತು, ಸಣ್ಣ ಬಿಡುವು. ಕೂಡ್ರಿ ಎಂದೆ, ಹೇಳತೊಡಗಿದೆ.